48 ಮಿ.ಮೀ. ಜಾಗಕ್ಕೆ ಯಾವ ಸಿಪಿಯು ಕೂಲರ್? ರಾಯಚೂರಿನ ಬಿಸಿಲಿಗೆ ಸಣ್ಣ ಪಿಸಿ

ಬಿಸಿಲೂರು:

ಎಲ್ಲರಿಗೂ ನಮಸ್ಕಾರ. ಟಿವಿ ಕೆಳಗಿನ ಶೆಲ್ಫ್‌ನಲ್ಲಿ ಕೂರುವಂಥ ಸಣ್ಣ ಪಿಸಿ ಕಟ್ಟುತ್ತಿದ್ದೇನೆ. ಕೇಸ್ ಆಗಲೇ ಬಂದಿದೆ. ಎಂಟು ಲೀಟರ್ ಒಳಗಿನ ಸ್ಯಾಂಡ್‌ವಿಚ್ ಕೇಸ್. ಒಂದು ಬದಿಗೆ ಮದರ್‌ಬೋರ್ಡ್, ಇನ್ನೊಂದು ಬದಿಗೆ ಗ್ರಾಫಿಕ್ಸ್ ಕಾರ್ಡ್, ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್. ಸಿಪಿಯು ಕೂಲರ್‌ಗೆ ಸಿಗುವ ಎತ್ತರ 48 ಮಿ.ಮೀ. ಮಾತ್ರ.

ಪ್ರೊಸೆಸರ್ ರೈಜನ್ 5 7600. ಅದರ ಡಬ್ಬಿಯಲ್ಲೇ ರೈತ್ ಸ್ಟೆಲ್ತ್ ಕೂಲರ್ ಬಂತು. ಅದು 54 ಮಿ.ಮೀ. ಎತ್ತರ ಇದೆ, ಹಾಕಿದರೆ ಪ್ಯಾನೆಲ್ ಮುಚ್ಚಲ್ಲ. ಈಗ ಬೇರೆ ಕೂಲರ್ ತಗೋಬೇಕು. ನಾಕ್ಟುವಾ ಎನ್‌ಎಚ್-ಎಲ್9ಎ ಮತ್ತು ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಎರಡರ ನಡುವೆ ತೂಗುತ್ತಿದ್ದೇನೆ.

ನಮ್ಮದು ರಾಯಚೂರು. ಏಪ್ರಿಲ್-ಮೇನಲ್ಲಿ ಹೊರಗೆ 40 ದಾಟುತ್ತದೆ. ಮಧ್ಯಾಹ್ನ ಹಾಲ್‌ನಲ್ಲೇ 35-36 ಡಿಗ್ರಿ ಇರುತ್ತದೆ, ಎಸಿ ಇಲ್ಲ. ಸಂಜೆ ಗೇಮ್ ಆಡುತ್ತೇನೆ, ಹಗಲು ಕೋಡಿಂಗ್ ಕೆಲಸ. ಇಷ್ಟು ಚಿಕ್ಕ ಕೂಲರ್ ಈ ಊರಲ್ಲಿ ತಡೆಯುತ್ತದಾ?

ರೆಂಡರ್‌ಮನೆ:

ನೇರವಾಗಿ ಹೇಳ್ತೀನಿ, ಕೇಸ್ ವಾಪಸ್ ಕೊಡೋಕಾಗುತ್ತಾ ನೋಡಿ. 48 ಮಿ.ಮೀ. ತುಂಬಾ ಇಕ್ಕಟ್ಟು. ನಿಮ್ಮ ಊರಿನ ಬಿಸಿಗೆ ದೊಡ್ಡ ಟವರ್ ಕೂಲರ್ ಅಥವಾ 240 ಮಿ.ಮೀ. ಲಿಕ್ವಿಡ್ ಕೂಲರ್ ಹಿಡಿಯುವ ಕೇಸ್ ಬೇಕು. ಒಂದು ಬೇಸಿಗೆ ಕಳೆದ ಮೇಲೆ ಬೇಜಾರಾಗೋದಕ್ಕಿಂತ ಈಗಲೇ ಬದಲಿಸೋದು ಒಳ್ಳೇದು.

ಪುಟ್ಟಪೆಟ್ಟಿಗೆ:

ವಾಪಸ್ ಕೊಡುವ ಅಗತ್ಯ ಇಲ್ಲ. 7600 ಈ ಕೇಸ್‌ಗೆ ಚೆನ್ನಾಗಿಯೇ ಹೊಂದುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಈ ಪ್ರಶ್ನೆ ಇಲ್ಲಿ ಆಗಾಗ ಬರುತ್ತಿರುತ್ತದೆ.

ದೊಡ್ಡ ಪಿಸಿಯಲ್ಲಿ ಪ್ರೊಸೆಸರ್ ಮೊದಲು ಆರಿಸಿ, ಅದಕ್ಕೆ ತಕ್ಕ ಕೂಲರ್ ಹುಡುಕುತ್ತೇವೆ. ಸಣ್ಣ ಕೇಸ್‌ನಲ್ಲಿ ಲೆಕ್ಕ ತಿರುಗುಮುರುಗು. ಕೂಲರ್ ಎಷ್ಟು ವ್ಯಾಟ್ ಹೊರಹಾಕಬಲ್ಲದು ಅಂತ ನೋಡಿ, ಪ್ರೊಸೆಸರನ್ನು ಅಷ್ಟಕ್ಕೆ ನಿಲ್ಲಿಸಬೇಕು. ಇದೊಂದು ಒಪ್ಪಿಕೊಂಡರೆ ಲೋ ಪ್ರೊಫೈಲ್, ಅಂದರೆ ಗಿಡ್ಡ ಕೂಲರ್ ಜೊತೆ ಜಗಳ ಇರಲ್ಲ.

ನಿಮ್ಮ 7600 ಡಬ್ಬಿಯ ಮೇಲೆ 65 ವ್ಯಾಟ್ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಅಂದಾಜು) ಅಂತಿದೆ. ಆದರೆ ಅದು ಸಾಕೆಟ್‌ನಿಂದ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಳೆಯಬಹುದಾದ ಮಿತಿ 88 ವ್ಯಾಟ್. ಎಎಂಡಿ ಇದನ್ನು ಪಿಪಿಟಿ ಅಂತ ಕರೆಯುತ್ತದೆ. ಟಿಡಿಪಿಯನ್ನು 1.35ರಿಂದ ಗುಣಿಸಿದರೆ ಪಿಪಿಟಿ ಸಿಗುತ್ತದೆ. 105 ವ್ಯಾಟ್ ಚಿಪ್‌ಗೆ 142, 170 ವ್ಯಾಟ್ ಚಿಪ್‌ಗೆ 230. ಇಂಟೆಲ್‌ನಲ್ಲೂ ಎರಡು ಅಂಕಿ ಇರುತ್ತವೆ. ಐ5-12400ಗೆ ಮೂಲ ಮಿತಿ 65, ಟರ್ಬೊ ಮಿತಿ 117 ವ್ಯಾಟ್. ಕೂಲರ್ ಆರಿಸುವಾಗ ದೊಡ್ಡ ಅಂಕಿಯನ್ನೇ ನೋಡಬೇಕು.

ಆಟ ಆಡುವಾಗ 7600 ಆ 88 ವ್ಯಾಟ್ ಮುಟ್ಟುವುದು ಕಡಿಮೆ. ಎಲ್ಲ ಕೋರ್‌ಗಳೂ ದುಡಿಯುವ ರೆಂಡರಿಂಗ್, ದೊಡ್ಡ ಕೋಡ್ ಕಂಪೈಲ್ ಇಂಥ ಕಡೆ ಮಾತ್ರ ಮಿತಿಗೆ ಹೋಗಿ ನಿಲ್ಲುತ್ತದೆ. ಆ ಮಿತಿಯನ್ನು ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಬೋರ್ಡ್‌ನ ಸೆಟ್ಟಿಂಗ್ಸ್) 65 ವ್ಯಾಟ್‌ಗೆ ಇಳಿಸಿದರೆ ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಕಂಪೈಲ್ ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ.

ಈಗ ಬಿಸಿಲಿನ ವಿಚಾರ. ಯಾವ ಏರ್ ಕೂಲರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದೇ ಕೆಲಸ, ಅದೇ ಫ್ಯಾನ್ ವೇಗ ಇದ್ದರೆ ಪ್ರೊಸೆಸರ್ ಕೋಣೆಗಿಂತ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ವಿಮರ್ಶೆಯಲ್ಲಿ 22 ಡಿಗ್ರಿ ಕೋಣೆಯಲ್ಲಿ 75 ಬಂದಿದ್ದರೆ, ನಿಮ್ಮ 36 ಡಿಗ್ರಿ ಹಾಲ್‌ನಲ್ಲಿ 89ರ ಹತ್ತಿರ ಅಂತ ಇಟ್ಟುಕೊಳ್ಳಿ. 7600 ತಡೆಯುವ ಗರಿಷ್ಠ 95 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಸುಟ್ಟುಹೋಗಲ್ಲ. ಆದರೆ ಫ್ಯಾನ್ ಪೂರ್ತಿ ವೇಗದಲ್ಲಿ ಕಿರುಚುತ್ತಿರುತ್ತದೆ. ಟಿವಿ ಕೆಳಗೆ ಅದು ಬೇಡ ಅಲ್ವಾ. ವ್ಯಾಟ್ ಇಳಿಸೋದು ಅದಕ್ಕೇ.

ಗಾಳಿಪಟ:

ವ್ಯಾಟ್ ಬಗ್ಗೆ ಒಂದು ಸೇರಿಸುತ್ತೇನೆ. ಕೂಲರ್ ಡಬ್ಬಿ ಮೇಲೆ 'ಇಷ್ಟು ವ್ಯಾಟ್ ಟಿಡಿಪಿ' ಅಂತ ಬರೆದಿರುತ್ತಾರಲ್ಲ, ಅದಕ್ಕೆ ಎಲ್ಲರೂ ಪಾಲಿಸುವ ಒಂದು ಅಳತೆ ಇಲ್ಲ. ಒಂದು ಕಂಪನಿಯ 95 ಇನ್ನೊಂದರ 130ಕ್ಕಿಂತ ಚೆನ್ನಾಗಿರಬಹುದು. ನಾಕ್ಟುವಾದವರು ವ್ಯಾಟ್ ಲೆಕ್ಕ ಕೊಡುವುದೇ ಇಲ್ಲ. ಎನ್‌ಎಸ್‌ಪಿಆರ್ ಅನ್ನುವ ತಮ್ಮದೇ ಅಂಕ ಕೊಟ್ಟು, ಯಾವ ಪ್ರೊಸೆಸರ್‌ಗೆ ಹೊಂದುತ್ತದೆ ಅಂತ ಪಟ್ಟಿ ಹಾಕಿರುತ್ತಾರೆ. ತಗೊಳ್ಳುವ ಮೊದಲು ಆ ಪಟ್ಟಿಯಲ್ಲಿ ನಿಮ್ಮ ಚಿಪ್ ನೋಡಿಕೊಳ್ಳಿ.

ಬಿಸಿಲೂರು:

ವ್ಯಾಟ್ ವಿಚಾರ ಅರ್ಥ ಆಯ್ತು, ಧನ್ಯವಾದ. 65ಕ್ಕೆ ಇಳಿಸಲು ನನಗೆ ತೊಂದರೆ ಇಲ್ಲ. ಹಾಗಾದರೆ ಎರಡರಲ್ಲಿ ಯಾವುದು? ನಾಕ್ಟುವಾ 37 ಮಿ.ಮೀ., ಥರ್ಮಲ್‌ರೈಟ್ 47. ಹತ್ತು ಮಿಲಿಮೀಟರ್‌ನಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಪುಟ್ಟಪೆಟ್ಟಿಗೆ:

ಆಗುತ್ತದೆ. ಎತ್ತರವನ್ನು ಒಟ್ಟಾಗಿ ನೋಡಬೇಡಿ, ಒಳಗೆ ಹಂಚಿ ನೋಡಿ.

ಎನ್‌ಎಚ್-ಎಲ್9 ಮೊದಲು ಬಂದದ್ದು 2012ರಲ್ಲಿ. ಒಟ್ಟು 37 ಮಿ.ಮೀ.ನಲ್ಲಿ ಫ್ಯಾನ್‌ಗೆ 14, ಉಳಿದ 23ರಲ್ಲಿ ತಾಮ್ರದ ತಳ, ಎರಡು ಹೀಟ್‌ಪೈಪ್, ಅಲ್ಯೂಮಿನಿಯಂ ರೆಕ್ಕೆಗಳು (ಸಾಲಾಗಿ ಜೋಡಿಸಿದ ತೆಳು ತಗಡುಗಳು) ಎಲ್ಲ. ಎಎಕ್ಸ್‌ಪಿ90-ಎಕ್ಸ್47ರಲ್ಲಿ ಫ್ಯಾನ್ 15 ಮಿ.ಮೀ., ಉಳಿದ 32 ಮಿ.ಮೀ. ಹೀಟ್‌ಸಿಂಕ್. ಪೈಪ್ ನಾಲ್ಕು. ಎರಡರ ತಳದಲ್ಲೂ ಪೈಪ್ ಮತ್ತು ತಾಮ್ರಕ್ಕೆ ಒಂದಿಷ್ಟು ಎತ್ತರ ಹೋಗಲೇಬೇಕು. ಹಾಗಾಗಿ ಹೆಚ್ಚಿಗೆ ಸಿಗುವ ಆ ಜಾಗ ಬಹುಪಾಲು ನೇರವಾಗಿ ರೆಕ್ಕೆಗಳಿಗೇ ಸಿಗುತ್ತದೆ. ಗಾಳಿಗೆ ಶಾಖ ಕೊಡುವುದು ರೆಕ್ಕೆಗಳೇ. ಒಟ್ಟು ಎತ್ತರ ನೋಡಿದರೆ ಕಾಲು ಭಾಗದಷ್ಟು ಜಾಸ್ತಿ ಅನ್ನಿಸುತ್ತದೆ, ರೆಕ್ಕೆಗಳ ಲೆಕ್ಕದಲ್ಲಿ ಅದಕ್ಕಿಂತ ತುಂಬಾ ಜಾಸ್ತಿ.

ಹೀಟ್‌ಪೈಪ್ ಬಗ್ಗೆ ಹೊಸಬರಿಗಾಗಿ ಹೇಳುತ್ತೇನೆ. ಅದು ಗಟ್ಟಿ ತಾಮ್ರದ ಕಡ್ಡಿ ಅಲ್ಲ. ಒಳಗೆ ಟೊಳ್ಳು, ಗೋಡೆಗೆ ತಾಮ್ರದ ಪುಡಿಯನ್ನು ಕಾಯಿಸಿ ಅಂಟಿಸಿದ ಪದರ, ಗಾಳಿ ತೆಗೆದು ಸ್ವಲ್ಪವೇ ಸ್ವಲ್ಪ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು 100 ಡಿಗ್ರಿಗೆ ಕಾಯಬೇಕಿಲ್ಲ, ಎಷ್ಟೋ ಮೊದಲೇ ಆವಿಯಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹಬೆ ತಣ್ಣಗಾಗಿ ಹನಿಯಾಗುತ್ತದಲ್ಲ, ಹಾಗೆ ಆ ಆವಿ ರೆಕ್ಕೆಗಳಿರುವ ತುದಿಯಲ್ಲಿ ಮತ್ತೆ ನೀರಾಗಿ, ಪುಡಿಯ ಪದರದ ಮೂಲಕ ತಳಕ್ಕೆ ಹಿಂತಿರುಗುತ್ತದೆ. ಲೋ ಪ್ರೊಫೈಲ್ ಕೂಲರ್‌ನಲ್ಲಿ ಪೈಪನ್ನು ಪೂರ್ತಿ 'ಯು' ಆಕಾರಕ್ಕೆ ಬಗ್ಗಿಸಿ, ಸ್ವಲ್ಪ ಚಪ್ಪಟೆ ಮಾಡಿ ಕೂರಿಸುತ್ತಾರೆ. ಬಾಗು ಬಿಗಿಯಾದಷ್ಟೂ, ಚಪ್ಪಟೆ ಜಾಸ್ತಿಯಾದಷ್ಟೂ ಅದು ಹೊರುವ ಶಾಖ ಕಡಿಮೆ. ಅದಕ್ಕೇ ನಾಲ್ಕು ಪೈಪ್ ಇದ್ದರೆ ಹೊರೆ ಹಂಚಿಹೋಗುತ್ತದೆ.

ನಿಮ್ಮ ಊರಿನ ಬಿಸಿ ನೋಡಿದರೆ ನನ್ನ ಮತ 47ಕ್ಕೆ.

ಕಡಲತಡಿ:

ಒಪ್ಪುತ್ತೇನೆ, ಆದರೆ ಒಂದು ತಕರಾರು. 48ರ ಜಾಗದಲ್ಲಿ 47ರ ಕೂಲರ್ ಅಂದರೆ ಫ್ಯಾನ್ ಮತ್ತು ಪ್ಯಾನೆಲ್ ನಡುವೆ ಒಂದೇ ಮಿಲಿಮೀಟರ್. ಫ್ಯಾನ್ ರೆಕ್ಕೆ ಜಾಲರಿಗೆ ಅಷ್ಟು ಹತ್ತಿರ ತಿರುಗಿದರೆ 'ಝುಂಯ್' ಅನ್ನುವ ಒಂದು ಸದ್ದು ಬರುತ್ತದೆ. ನನ್ನ ಪಿಸಿಯಲ್ಲಿ ಅದು ಕೇಳಿಸುತ್ತಿತ್ತು. ಪ್ಯಾನೆಲ್ ತೆಗೆದರೆ ಸದ್ದು ಮಾಯ, ಹಾಕಿದರೆ ಹಾಜರ್. ಎನ್‌ಎಚ್-ಎಲ್9ನಲ್ಲಿ 11 ಮಿ.ಮೀ. ಖಾಲಿ ಸಿಗುತ್ತದೆ, ಈ ಸದ್ದಿನ ಕಾಟ ಕಡಿಮೆ. ನಾಕ್ಟುವಾ ಹೇಳುವ ಪ್ರಕಾರ ಅದರ ಫ್ಯಾನ್ ಪೂರ್ತಿ 2500 ಸುತ್ತಿನಲ್ಲಿ 23.6 ಡೆಸಿಬಲ್. ಜೊತೆಗೆ ಕೊಡುವ ಲೋ ನಾಯ್ಸ್ ಕೇಬಲ್ ಹಾಕಿದರೆ 1800 ಸುತ್ತು, 14.8 ಡೆಸಿಬಲ್. ಟಿವಿ ಕೆಳಗಿನ ಪಿಸಿಗೆ ಶಾಂತಿಯೂ ಮುಖ್ಯ ತಾನೆ?

ಪುಟ್ಟಪೆಟ್ಟಿಗೆ:

ಒಳ್ಳೆಯ ತಕರಾರು. ಈ ಖಾಲಿ ಜಾಗದ ವಿಚಾರವೇ ಸಣ್ಣ ಕೇಸ್‌ಗಳಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ. ಬ್ರ್ಯಾಂಡ್‌ಗಿಂತಲೂ ಮುಖ್ಯ.

ಜಾಗ ತೀರಾ ಕಡಿಮೆ ಇದ್ದರೆ ನೀವು ಹೇಳಿದ ಸದ್ದು. ಸರಿ. ಆದರೆ ಜಾಗ ಜಾಸ್ತಿ ಇದ್ದರೆ ಇನ್ನೊಂದು ಕೇಡು, ಅದು ಕಿವಿಗೆ ಗೊತ್ತಾಗಲ್ಲ. ಕೂಲರ್ ಮೇಲಿನಿಂದ ಕೆಳಕ್ಕೆ ಗಾಳಿ ಊದುತ್ತದೆ. ಆ ಗಾಳಿ ರೆಕ್ಕೆಗಳನ್ನು ದಾಟಿ ಬಿಸಿಯಾಗಿ, ಬೋರ್ಡ್‌ಗೆ ಬಡಿದು, ನಾಲ್ಕೂ ಕಡೆ ಹರಡುತ್ತದೆ. ಫ್ಯಾನ್ ಮತ್ತು ಪ್ಯಾನೆಲ್ ನಡುವೆ ಹತ್ತು-ಹನ್ನೊಂದು ಮಿಲಿಮೀಟರ್ ತೆರೆದಿದ್ದರೆ, ಫ್ಯಾನ್ ಹೊರಗಿನ ಗಾಳಿ ಎಳೆಯುವ ಬದಲು ಪಕ್ಕದಿಂದ ಅದೇ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಅದಕ್ಕೆ ಸುಲಭದ ದಾರಿ ಅದೇ ತಾನೆ. ಕೋಣೆ 36 ಇದ್ದರೆ ಫ್ಯಾನ್ ಕುಡಿಯುವ ಗಾಳಿ 45 ಆಗಿರಬಹುದು. ಅಷ್ಟೂ ಡಿಗ್ರಿ ಸೀದಾ ಪ್ರೊಸೆಸರ್ ಮೇಲೆ ಬೀಳುತ್ತದೆ.

ಇದಕ್ಕೆ ಮದ್ದು ಡಕ್ಟ್. ಫ್ಯಾನ್ ಚೌಕಟ್ಟಿನಿಂದ ಪ್ಯಾನೆಲ್‌ವರೆಗೆ ಸುತ್ತ ಗೋಡೆ ಕಟ್ಟುವುದು. ಎನ್‌ಎಚ್-ಎಲ್9ಗೆ ಎನ್‌ಎ-ಎಫ್‌ಡಿ1 ಅಂತ ನಾಕ್ಟುವಾದವರೇ ಒಂದು ಡಕ್ಟ್ ಮಾರುತ್ತಾರೆ. ಫೋಮ್ ಚೌಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ ಬೇಕಾದ ಎತ್ತರಕ್ಕೆ ತರಬಹುದು. ಮನೆಯಲ್ಲೂ ಮಾಡಬಹುದು, ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟ್‌ಗೆ ಸಿಗುವ ಇವಿಎ ಫೋಮ್ ಶೀಟ್ ಸಾಕು. ಫ್ಯಾನನ್ನು ಶೀಟ್ ಮೇಲಿಟ್ಟು ಹೊರಗಿನ ಚೌಕ ಗೆರೆ ಹಾಕಿ. ಒಳಗೆ ಫ್ಯಾನ್ ಬಾಯಿಯ ವೃತ್ತ ಗೆರೆ ಹಾಕಿ, ಅದಕ್ಕಿಂತ ಎರಡು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ. ಚಿಕ್ಕದಾಗಿ ಕತ್ತರಿಸಿದರೆ ಫೋಮ್ ಅಂಚು ಗಾಳಿಗೆ ಅಡ್ಡ ಬಂದು ಸದ್ದು ಮಾಡುತ್ತದೆ. ನಾಲ್ಕು ಸ್ಕ್ರೂ ತಲೆಗಳಿರುವ ಮೂಲೆಗಳಲ್ಲಿ ಚೂರು ಕೆತ್ತಿ ತೆಗೆಯಿರಿ, ಇಲ್ಲದಿದ್ದರೆ ಫೋಮ್ ಸಮ ಕೂರಲ್ಲ. ಪ್ಯಾನೆಲ್ ಮುಚ್ಚಿದಾಗ ಫೋಮ್ ಕೂದಲೆಳೆಯಷ್ಟು ಒತ್ತಿಕೊಳ್ಳಬೇಕು. ಅಂಟು ಬೇಕಾಗಿಲ್ಲ.

ಗಾಳಿ ಎಲ್ಲಿಂದ ಬರುತ್ತಿದೆ ಅಂತ ನೋಡಲು ಊದುಬತ್ತಿ ಹಚ್ಚಿ. ಪಿಸಿ ಓಡುತ್ತಿರುವಾಗ ಪ್ಯಾನೆಲ್ ಜಾಲರಿಯಿಂದ ಒಂದು ಗೇಣು ದೂರ ಹಿಡಿಯಿರಿ. ಹೊಗೆ ಫ್ಯಾನ್ ಎದುರಿಗೆ ನೇರವಾಗಿ ಒಳಗೆ ಹೋದರೆ ಸರಿ ಇದೆ. ಜಾಲರಿಯ ಅಂಚಿನಲ್ಲಿ ಹೊಗೆ ಹೊರಕ್ಕೆ ತಳ್ಳಿಸಿಕೊಳ್ಳುತ್ತಿದ್ದರೆ ಬಿಸಿ ಗಾಳಿ ಅದೇ ಜಾಲರಿಯಿಂದ ಹೊರಬಂದು ಮತ್ತೆ ಒಳಗೆ ಹೋಗುತ್ತಿದೆ ಅಂತ ಅರ್ಥ. ಬೂದಿ ಒಳಗೆ ಬೀಳದಂತೆ ಬತ್ತಿಯನ್ನು ಪಕ್ಕದಿಂದ ಹಿಡಿಯಿರಿ, ಬೇಗ ಮುಗಿಸಿ.

ಹಾಗಾಗಿ ನಿಮ್ಮ ಎರಡು ಆಯ್ಕೆ ನಿಜವಾಗಿ ಹೀಗಿವೆ: ಡಕ್ಟ್ ಇರುವ 37, ಅಥವಾ ಡಕ್ಟ್ ಬೇಡವಾದ, ಜಾಲರಿಗೆ ಅಂಟಿದಂತಿರುವ 47. ಡಕ್ಟ್ ಇಲ್ಲದ 37 ರಾಯಚೂರಿಗೆ ಬೇಡ.

ಕಡಲತಡಿ:

ಡಕ್ಟ್ ವಿಚಾರಕ್ಕೆ ನನ್ನ ಪೂರ್ಣ ಒಪ್ಪಿಗೆ. ಮತ್ತೆ ಆ 47ರ ಸದ್ದಿಗೆ ನಾನು ಮಾಡಿದ ಪರಿಹಾರವನ್ನೂ ಹೇಳಿಬಿಡುತ್ತೇನೆ. ಫ್ಯಾನ್ ವೇಗ ಇಳಿಸಿದರೆ ಆ ಸದ್ದು ಬೇಗ ಅಡಗುತ್ತದೆ. ಬಯಾಸ್‌ನಲ್ಲಿ 70 ಡಿಗ್ರಿವರೆಗೆ ಫ್ಯಾನ್ ಒಂದೇ ನಿಧಾನ ವೇಗದಲ್ಲಿ ಇರುವಂತೆ ಗೆರೆ ಎಳೆದೆ. ರೈಜನ್ ಚಿಪ್‌ಗಳು ಬ್ರೌಸರ್ ತೆರೆದರೂ ಒಂದು ಕ್ಷಣ 15 ಡಿಗ್ರಿ ಜಿಗಿಯುತ್ತವೆ. ಕೂಲರ್ ಹಗುರ ಇರುವುದರಿಂದ ಆ ಜಿಗಿತವನ್ನು ನುಂಗುವ ತೂಕ ಅದಕ್ಕಿಲ್ಲ. ಫ್ಯಾನ್ ಪ್ರತಿ ಸಲ ಎದ್ದು ಕೂರುತ್ತದೆ. ನಿಜಕ್ಕೂ ಕಿರಿಕಿರಿ ಮಾಡುವುದು ಜೋರು ಸದ್ದಲ್ಲ, ಹೀಗೆ ಏರಿಳಿಯುವ ಸದ್ದು. ಬಯಾಸ್‌ನಲ್ಲಿ 'ಸ್ಟೆಪ್ ಅಪ್ ಟೈಮ್' ಅಂತ ಇದ್ದರೆ ಕೆಲವು ಸೆಕೆಂಡ್ ತಡ ಮಾಡುವಂತೆ ಇಡಿ. ಕ್ಷಣದ ಜಿಗಿತಕ್ಕೆಲ್ಲ ಫ್ಯಾನ್ ಓಡಬೇಕಿಲ್ಲ.

ರೆಂಡರ್‌ಮನೆ:

ನನ್ನ ಕೆಲಸ ಬೇರೆ, ಅದನ್ನೂ ಹೇಳಬೇಕು. ನಾನು ಬ್ಲೆಂಡರ್‌ನಲ್ಲಿ ರಾತ್ರಿಯಿಡೀ ರೆಂಡರ್ ಹಾಕುತ್ತೇನೆ. 7950ಎಕ್ಸ್, 230 ವ್ಯಾಟ್. ಇಂಥ ಕೆಲಸಕ್ಕೆ ಇದೇ ಜಾಗದಲ್ಲಿ ಏನು ಮಾಡುತ್ತೀರಿ? ಓದುವವರು ತಪ್ಪು ತಿಳಿಯಬಾರದು ಅಂತ ಕೇಳುತ್ತಿದ್ದೇನೆ.

ಪುಟ್ಟಪೆಟ್ಟಿಗೆ:

ನಿಮ್ಮ ಮಾತು ನ್ಯಾಯ. 230 ವ್ಯಾಟ್‌ಗೆ 48 ಮಿ.ಮೀ. ಸಾಲಲ್ಲ, ಯಾವ ಬ್ರ್ಯಾಂಡೂ ಆಗಲ್ಲ. ಆ ಚಿಪ್ಪನ್ನು 65 ವ್ಯಾಟ್ ಇಕೋ ಮೋಡ್‌ನಲ್ಲಿ ಓಡಿಸುವವರು ಇದ್ದಾರೆ. ಆಗಲೂ ಅದು ವೇಗವಾಗಿಯೇ ಇರುತ್ತದೆ, ಆದರೆ ರಾತ್ರಿಯಿಡೀ ರೆಂಡರ್ ಮಾಡುವವರು ಕೊಟ್ಟ ದುಡ್ಡಿಗೆ ಪೂರ್ತಿ ವೇಗ ಕೇಳುವುದು ಸಹಜ. ಅಂಥವರು ಕೂಲರ್‌ಗೆ 70 ಮಿ.ಮೀ. ಆಸುಪಾಸು ಎತ್ತರ ಕೊಡುವ ಕೇಸ್ ನೋಡಿ, 105 ವ್ಯಾಟ್ ಚಿಪ್‌ಗೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಗೆ ಬಂದರೆ 120 ಮಿ.ಮೀ. ಫ್ಯಾನ್ ಸಿಗುತ್ತದೆ, ಇಡೀ ಆಟವೇ ಬದಲಾಗುತ್ತದೆ. ನಾಕ್ಟುವಾ ಎನ್‌ಎಚ್-ಎಲ್12ಎಸ್ 70 ಮಿ.ಮೀ., ಸೈತ್ ಬಿಗ್ ಶುರಿಕೆನ್ 3 ಕೂಲರ್ 69, ಡೀಪ್‌ಕೂಲ್ ಎಎನ್600 67. ಇವುಗಳಲ್ಲಿ ಎಲ್12ಎಸ್ ವಿನ್ಯಾಸ ನನಗೆ ತುಂಬಾ ಇಷ್ಟ. ಫ್ಯಾನನ್ನು ರೆಕ್ಕೆಗಳ ಕೆಳಗೆ, ಬೋರ್ಡ್ ಮತ್ತು ರೆಕ್ಕೆಗಳ ನಡುವೆ ಸೇರಿಸಿದ್ದಾರೆ. ಹಾಗಾಗಿ ಫ್ಯಾನ್‌ಗೆ ಅಂತ ಪ್ರತ್ಯೇಕ ಎತ್ತರ ಹೋಗಲ್ಲ. ಜಾಗ ಇದ್ದವರು ಅದೇ ಫ್ಯಾನನ್ನು ಮೇಲೂ ಹಾಕಬಹುದು, ಆಗ 15 ಮಿ.ಮೀ. ಜಾಸ್ತಿ ಬೇಕು.

ಫ್ರ್ಯಾಕ್ಟಲ್ ಟೆರಾ ತರಹದ ಕೇಸ್‌ನಲ್ಲಿ ನಡುವಿನ ಗೋಡೆಯನ್ನೇ ಸರಿಸಬಹುದು. ಕೂಲರ್ ಕಡೆ 48ರಿಂದ 77 ಮಿ.ಮೀ.ವರೆಗೆ ಸಿಗುತ್ತದೆ, ಅಷ್ಟೇ ಜಾಗ ಗ್ರಾಫಿಕ್ಸ್ ಕಾರ್ಡ್ ಕಡೆ ಕಡಿಮೆಯಾಗುತ್ತದೆ. ಇನ್ನೂ ಕೇಸ್ ತಗೊಳ್ಳದವರು ಇಂಥದ್ದನ್ನು ನೋಡಿ.

ಸ್ಕ್ರೂಡ್ರೈವರ್:

ನಾನು ಪಿಸಿ ಜೋಡಿಸುವ ಕೆಲಸ ಮಾಡುತ್ತೇನೆ. ಜೋಡಣೆ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಾಕೆಟ್ ಸರಿ ನೋಡಿ ತಗೊಳ್ಳಿ. ನಿಮ್ಮ 7600 ಕೂರುವುದು ಎಎಂ5 ಸಾಕೆಟ್‌ನಲ್ಲಿ, ಎಎಂ4 ಅದಕ್ಕಿಂತ ಹಳೆಯದು. ನಾಕ್ಟುವಾ ತಗೊಂಡರೆ ಎನ್‌ಎಚ್-ಎಲ್9ಎ-ಎಎಂ5 ಅನ್ನುವುದೇ ಆಗಬೇಕು. ಹಳೆಯ ಎಎಂ4 ಮಾದರಿಗೆ ಬೋರ್ಡ್ ಹಿಂದಿನಿಂದ ಸ್ಕ್ರೂ ಹಾಕಬೇಕು. ಎಎಂ5ರಲ್ಲಿ ಹಿಂದಿನ ಲೋಹದ ಪ್ಲೇಟ್ ಸಾಕೆಟ್‌ಗೇ ಸೇರಿದ್ದು, ಅದನ್ನು ತೆಗೆಯುವಂತಿಲ್ಲ. ಹಾಗಾಗಿ ಎಎಂ4 ಮಾದರಿ ಹಾಗೇ ಕೂರಲ್ಲ. ಹಳೇದು ಇದ್ದವರಿಗೆ ಬೇರೆ ಕಿಟ್ ಸಿಗುತ್ತದೆ. ಅಂಗಡಿಯಲ್ಲಿ 'ಎಎಂಡಿ ಅಂದರೆ ಎಲ್ಲ ಒಂದೇ ಸಾರ್' ಅಂತ ಹೇಳಿ ಹಳೇ ಸ್ಟಾಕ್ ಕೊಟ್ಟುಬಿಡುತ್ತಾರೆ. ಡಬ್ಬಿ ಮೇಲಿನ ಹೆಸರನ್ನು ಪೂರ್ತಿ ಓದಿ. ಇಂಟೆಲ್ ಕಡೆಯೂ ಹೀಗೇ. ಎಲ್‌ಜಿಎ 1700ರಲ್ಲಿ ತೂತುಗಳ ಅಂತರ 78 ಮಿ.ಮೀ., ಹಳೆಯ 1151, 1200ರಲ್ಲಿ 75. ಮೂರೇ ಮಿಲಿಮೀಟರ್, ಆದರೆ ಸ್ಕ್ರೂ ಹೋಗಲ್ಲ.

ಇಂಥ ಸಣ್ಣ ಕೇಸ್‌ಗೆ ಹಾಕುವ ಮಿನಿ ಐಟಿಎಕ್ಸ್ ಬೋರ್ಡ್ 170ಕ್ಕೆ 170 ಮಿ.ಮೀ. ಇರುತ್ತದೆ. ಸಾಕೆಟ್ ಸುತ್ತ ಎಲ್ಲವೂ ಒತ್ತಿಕೊಂಡಿರುತ್ತದೆ. ಇಂಟೆಲ್ ಸಾಕೆಟ್‌ಗೆ ಅಂತ ನಾಕ್ಟುವಾ ಮಾಡುವ ಎಲ್9ಐ ಅಳತೆ 95ಕ್ಕೆ 95 ಇರುವುದು ಸುಮ್ನೆ ಅಲ್ಲ. ಸಾಕೆಟ್ ಸುತ್ತ ಕೂಲರ್‌ಗೆ ಅಂತ ಬಿಟ್ಟ ಚೌಕದ ಒಳಗೇ ಇದ್ದರೆ ರ‍್ಯಾಮ್‌ಗೂ ಗ್ರಾಫಿಕ್ಸ್ ಸ್ಲಾಟ್‌ಗೂ ತಾಗಲ್ಲ. ಎಕ್ಸ್47 ಕೂಡ ಚೌಕವೇ, ಆದರೆ ಅದರ ಪೈಪ್ ಬಾಗುಗಳು ಒಂದು ಬದಿಗೆ ಹೊರಗೆ ಬರುತ್ತವೆ. ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸುವ ಪೇಸ್ಟ್ ಹಚ್ಚುವ ಮೊದಲು ಒಮ್ಮೆ ಒಣ ಕೂಲರ್ ಇಟ್ಟು ನೋಡಿ. ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದ ಮಾಡಿ ಕೊಡುವ ಭಾಗ) ಹೀಟ್‌ಸಿಂಕ್ ಎತ್ತರ ಇದ್ದರೆ ಬಾಗು ಅದಕ್ಕೆ ಬಡಿಯುತ್ತದೆ, ಆಗ ಕೂಲರನ್ನು ತಿರುಗಿಸಿ ಕೂರಿಸಬೇಕು. ತಿರುಗಿಸಿದಾಗ ರ‍್ಯಾಮ್ ಕಡೆ ಬಂದರೆ ದೀಪ, ಅಲಂಕಾರ ಇಲ್ಲದ ಗಿಡ್ಡ ರ‍್ಯಾಮ್ ಬೇಕು.

ಸ್ಕ್ರೂ ಬಿಗಿ ಮಾಡುವಾಗ ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ. ಸಣ್ಣ ಕೂಲರ್ ಒಂದು ಕಡೆ ವಾಲಿದರೆ ಪೇಸ್ಟ್ ಇನ್ನೊಂದು ಕಡೆ ದಪ್ಪ ಉಳಿಯುತ್ತದೆ. ಎಎಂ5 ಚಿಪ್‌ನ ಮುಚ್ಚಳದ ಅಂಚಲ್ಲಿ ಕಚ್ಚುಗಳಿವೆ, ಹೆಚ್ಚಾದ ಪೇಸ್ಟ್ ಅಲ್ಲಿ ಇಳಿಯುತ್ತದೆ. ಅದು ವಿದ್ಯುತ್ ಹರಿಸದ ಪೇಸ್ಟ್ ಆಗಿದ್ದರೆ ಕೆಡುವುದಿಲ್ಲ, ಒರೆಸುವುದು ಮಾತ್ರ ಕಷ್ಟ. ಕಡಿಮೆ ಹಚ್ಚಿ.

ಪ್ಯಾನೆಲ್ ಮುಚ್ಚುವ ಮೊದಲು ಫ್ಯಾನ್ ವೈರ್ ಎಲ್ಲಿದೆ ನೋಡಿ. 1 ಮಿ.ಮೀ. ಜಾಗದಲ್ಲಿ ಒಂದು ವೈರ್ ಮೇಲೆ ಬಂದರೂ ಫ್ಯಾನ್ ರೆಕ್ಕೆಗೆ ತಾಗುತ್ತದೆ.

ಹೊಸಬೆ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ಎಎಕ್ಸ್‌ಪಿ90-ಎಕ್ಸ್47 ಪೂರ್ತಿ ತಾಮ್ರದ ಮಾದರಿಯೂ ಬರುತ್ತದಲ್ಲ. ಬೆಲೆ ಜಾಸ್ತಿ. ಬಿಸಿ ಊರಿಗೆ ಅದು ಒಳ್ಳೆಯದಾ?

ಪುಟ್ಟಪೆಟ್ಟಿಗೆ:

ನೋಡಲು ಚೆಂದ, ಹಿಡಿದರೆ ಕೈ ಜಗ್ಗುತ್ತದೆ. ತಾಮ್ರದ ಸಾಂದ್ರತೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಜಾಸ್ತಿ. ಶಾಖವನ್ನೂ ಚೆನ್ನಾಗಿ ಹರಿಸುತ್ತದೆ. ಆದರೆ ರೆಕ್ಕೆಗಳು ತೆಳ್ಳಗೆ, ಗಿಡ್ಡಕ್ಕೆ ಇರುವಾಗ ಶಾಖ ಅಲ್ಲಿ ಓಡಬೇಕಾದ ದೂರವೇ ಕಡಿಮೆ. ಕೊನೆಗೆ ತಡೆ ಇರುವುದು ರೆಕ್ಕೆಯಿಂದ ಗಾಳಿಗೆ ಹೋಗುವಲ್ಲಿ. ಅಲ್ಲಿ ಯಾವ ಲೋಹ ಅನ್ನುವುದಕ್ಕಿಂತ ಎಷ್ಟು ಗಾಳಿ ಅನ್ನುವುದು ಮುಖ್ಯ. ಕೆಲವು ಡಿಗ್ರಿ ಲಾಭ ಸಿಗಬಹುದು. ಆ ದುಡ್ಡಿಗೆ ಒಳ್ಳೆಯ 92 ಮಿ.ಮೀ. ತೆಳು ಫ್ಯಾನ್ ತಗೊಳ್ಳಿ ಅಂತ ನಾನು ಹೇಳುತ್ತೇನೆ.

7600ನಲ್ಲಿ ಇನ್ನೊಂದು ಅಡ್ಡಿಯೂ ಇದೆ. ದುಡಿಯುವ ಕೋರ್‌ಗಳೆಲ್ಲ 70 ಚದರ ಮಿ.ಮೀ. ಆಸುಪಾಸಿನ ಒಂದೇ ತುಣುಕಿನಲ್ಲಿವೆ, ಅದೂ ಮುಚ್ಚಳದ ನಡುವೆ ಅಲ್ಲ, ಒಂದು ಬದಿಗೆ. ಅಷ್ಟು ಚಿಕ್ಕ ಜಾಗದಿಂದ ಶಾಖ ಹೊರಗೆ ಬರುವುದೇ ಕಷ್ಟ. ಮುಚ್ಚಳವೂ ದಪ್ಪ, ಯಾಕೆಂದರೆ ಎಎಂ4 ಕೂಲರ್‌ಗಳು ಹೊಂದಲಿ ಅಂತ ಎಎಂಡಿ ಎತ್ತರ ಹಾಗೇ ಉಳಿಸಿಕೊಂಡಿತು. ಹಾಗಾಗಿ ಎಂಥ ದೊಡ್ಡ ಕೂಲರ್ ಹಾಕಿದರೂ ಈ ಚಿಪ್ ತೀರಾ ತಣ್ಣಗೆ ಕಾಣಲ್ಲ. ಅಂಕಿ ನೋಡಿ ಗಾಬರಿ ಬೇಡ.

ಕಡಲತಡಿ:

ಕರಾವಳಿಯವರಿಗೆ ಇನ್ನೊಂದು ಮಾತು. ಬರಿ ತಾಮ್ರ ನಮ್ಮ ಗಾಳಿಗೆ ಬೇಗ ಕಪ್ಪಾಗುತ್ತದೆ. ತಣಿಸುವ ಕೆಲಸಕ್ಕೆ ಅದರಿಂದ ದೊಡ್ಡ ತೊಂದರೆ ಇಲ್ಲ, ಆದರೆ ಅಂದಕ್ಕೆ ಅಂತ ದುಡ್ಡು ಕೊಟ್ಟವರಿಗೆ ಬೇಸರ ಆಗುತ್ತದೆ. ನಿಕಲ್ ಲೇಪನ ಇದ್ದರೆ ಉಳಿಯುತ್ತದೆ.

ಗಾಳಿಪಟ:

ಮೇಲಿಂದ ಕೆಳಕ್ಕೆ ಊದುವುದರಲ್ಲಿ ಒಂದು ಒಳ್ಳೆಯ ಗುಣ ಇದೆ, ಅದನ್ನು ಯಾರೂ ಹೇಳಲಿಲ್ಲ. ಟವರ್ ಕೂಲರ್ ಗಾಳಿ ಬೋರ್ಡಿಗೆ ಅಡ್ಡವಾಗಿ ಹೋಗುತ್ತದೆ. ಲೋ ಪ್ರೊಫೈಲ್‌ನ ಗಾಳಿ ಬೋರ್ಡ್‌ಗೇ ಬಡಿಯುತ್ತದೆ. ಸಾಕೆಟ್ ಸುತ್ತಲಿನ ವಿಆರ್‌ಎಂ, ರ‍್ಯಾಮ್, ಎಂ.2 ಎಸ್‌ಎಸ್‌ಡಿ ಎಲ್ಲಕ್ಕೂ ಅಷ್ಟಿಷ್ಟು ಗಾಳಿ ಸಿಗುತ್ತದೆ. ಸಣ್ಣ ಕೇಸ್‌ನಲ್ಲಿ ಬೇರೆ ಫ್ಯಾನ್ ಇರುವುದಿಲ್ಲ, ಹಾಗಾಗಿ ಇದು ದೊಡ್ಡ ಉಪಕಾರ. ಲಿಕ್ವಿಡ್ ಕೂಲರ್ ಹಾಕಿದವರ ವಿಆರ್‌ಎಂ ಬಿಸಿ ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ.

ಕೆಲವರು ಫ್ಯಾನ್ ತಿರುಗಿಸಿ ಬಿಸಿ ಗಾಳಿಯನ್ನು ಪ್ಯಾನೆಲ್‌ನಿಂದ ಹೊರಗೆ ಊದಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಬಿಸಿ ಒಳಗೇ ಉಳಿಯುವ ಕೇಸ್‌ನಲ್ಲಿ ಅದು ಕೆಲವೊಮ್ಮೆ ಒಳ್ಳೆಯದು. ಸ್ಯಾಂಡ್‌ವಿಚ್ ಕೇಸ್‌ನಲ್ಲಿ ಕಾರ್ಡ್ ಬೇರೆ ಕೋಣೆಯಲ್ಲೇ ಇರುವುದರಿಂದ ಬಿಸಿಲೂರು ಅವರಿಗೆ ಬೇಕಾಗಿಲ್ಲ.

ಬಿಸಿಲೂರು:

ಎಲ್ಲರಿಗೂ ತುಂಬಾ ಧನ್ಯವಾದ. ಎಕ್ಸ್47 ತಗೊಂಡೆ, ಮಾಮೂಲಿ ಅಲ್ಯೂಮಿನಿಯಂ ಮಾದರಿ. ಸ್ಕ್ರೂಡ್ರೈವರ್ ಅವರು ಹೇಳಿದ ಹಾಗೆ ಒಣ ಕೂಲರ್ ಇಟ್ಟು ನೋಡಿದೆ. ಪೈಪ್ ಬಾಗು ವಿಆರ್‌ಎಂ ಹೀಟ್‌ಸಿಂಕ್‌ಗೆ ನಿಜವಾಗಿಯೂ ತಾಗುತ್ತಿತ್ತು. ತಿರುಗಿಸಿ ಕೂರಿಸಿದೆ, ಗಿಡ್ಡ ರ‍್ಯಾಮ್ ಇದ್ದಿದ್ದರಿಂದ ತೊಂದರೆ ಆಗಲಿಲ್ಲ.

ಬಯಾಸ್‌ನಲ್ಲಿ ಪಿಪಿಟಿ 65 ಹಾಕಿದ್ದೇನೆ. ನನ್ನ ಬೋರ್ಡ್‌ನಲ್ಲಿ ಅದನ್ನು ಮಿಲಿವ್ಯಾಟ್‌ನಲ್ಲಿ ಕೇಳುತ್ತದೆ, 65000 ಅಂತ ಬರೆಯಬೇಕು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಹೇಳಿದೆ. ಸಂಜೆ ಆಟ ಆಡುವಾಗ ಎಪ್ಪತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ. ಫ್ಯಾನ್ ಸದ್ದು ಸೀಲಿಂಗ್ ಫ್ಯಾನ್ ಸದ್ದಿನಲ್ಲಿ ಕೇಳಿಸಲ್ಲ. ಊದುಬತ್ತಿ ಹಿಡಿದು ನೋಡಿದೆ, ಹೊಗೆ ಸೀದಾ ಒಳಗೆ ಹೋಗುತ್ತದೆ. ಮನೆಯವರೆಲ್ಲ ಸುತ್ತ ನಿಂತು ನೋಡಿದರು.

ಈಗ ಉಳಿದ ಚಿಂತೆ ಧೂಳು. ನಮ್ಮಲ್ಲಿ ಬೇಸಿಗೆ ಗಾಳಿ ಎದ್ದರೆ ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಬರೆಯಬಹುದು.

ಸ್ಕ್ರೂಡ್ರೈವರ್:

ಈ ಕೂಲರ್‌ಗಳ ರೆಕ್ಕೆ ಸಂದು ಚಿಕ್ಕದು, ಧೂಳು ಫ್ಯಾನ್ ಕೆಳಗೇ ಚಾಪೆ ಹಾಸಿದಂತೆ ಕೂರುತ್ತದೆ. ಮೇಲಿಂದ ನೋಡಿದರೆ ಫ್ಯಾನ್ ಚೊಕ್ಕ ಕಾಣುತ್ತದೆ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಫ್ಯಾನ್‌ನ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದರೆ ಕಾಣುತ್ತದೆ. ಹೀಟ್‌ಸಿಂಕ್ ತೆಗೆಯಬೇಕಿಲ್ಲ, ಪೇಸ್ಟ್ ಹಾಗೇ ಇರಲಿ. ಮೆತ್ತನೆ ಪೇಂಟ್ ಬ್ರಷ್‌ನಿಂದ ಸಂದಿನ ಉದ್ದಕ್ಕೆ ಗುಡಿಸಿ, ಅಡ್ಡ ಗುಡಿಸಿದರೆ ರೆಕ್ಕೆ ಬಾಗುತ್ತದೆ. ಬ್ಲೋವರ್ ಹಾಕುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಜಾಲರಿ ಒಳಗೆ ತೆಳು ನೈಲಾನ್ ಡಸ್ಟ್ ಫಿಲ್ಟರ್ ಹಾಕಬಹುದು, ಆದರೆ ನಿಮಗಿರುವುದು 1 ಮಿ.ಮೀ. ಹೊರಗಡೆ ಅಂಟಿಸುವ ಮ್ಯಾಗ್ನೆಟ್ ಫಿಲ್ಟರ್ ತಗೊಳ್ಳಿ. ಪ್ಯಾನೆಲ್ ಅಲ್ಯೂಮಿನಿಯಂ ಆಗಿದ್ದರೆ ಮ್ಯಾಗ್ನೆಟ್ ಹಿಡಿಯಲ್ಲ, ಮೊದಲು ಪರೀಕ್ಷೆ ಮಾಡಿ.

ಹೊಸಬೆ:

ನನ್ನದು ಇನ್ನೂ ಸಣ್ಣ ಪ್ರಶ್ನೆ. ಫೋಟೊ, ಸಿನಿಮಾ ಇಡಲು ಮನೆಯಲ್ಲೇ ಒಂದು ಸರ್ವರ್ ಮಾಡಬೇಕು. ಐ3-12100 ಇದೆ, ಇಂಟೆಲ್ ಕೊಟ್ಟ ಕೂಲರ್ ಜೊತೆಗೇ ಇದೆ. ಅದನ್ನೇ ಹಾಕಬಹುದಾ, ಇಲ್ಲ ಬೇರೆ ತಗೋಬೇಕಾ? ದಿನವಿಡೀ ಓಡುತ್ತದೆ, ಮಲಗುವ ಕೋಣೆಯಲ್ಲಿ ಇಡಬೇಕು.

ಪುಟ್ಟಪೆಟ್ಟಿಗೆ:

ಅದೇ ಸಾಕು. ಆ ಕೂಲರ್ ಎತ್ತರವೂ 47 ಮಿ.ಮೀ., ನಿಮ್ಮ ಕೇಸ್ ಹಿಡಿಸುತ್ತದಾ ಅಷ್ಟು ನೋಡಿ. 12100 ಮೂಲ ಮಿತಿ 60 ವ್ಯಾಟ್, ಟರ್ಬೊದಲ್ಲಿ 89. ಸರ್ವರ್ ಕೆಲಸದಲ್ಲಿ ಬಹುತೇಕ ಸಮಯ ಅದರ ಹತ್ತಿರವೂ ಹೋಗಲ್ಲ. ಬಯಾಸ್‌ನಲ್ಲಿ ಟರ್ಬೊ ಮಿತಿಯನ್ನೂ 60ಕ್ಕೆ ಇಟ್ಟು, ಫ್ಯಾನನ್ನು ನಿಧಾನ ವೇಗದಲ್ಲಿ ನಿಲ್ಲಿಸಿ. ರಾತ್ರಿ ಸದ್ದು ಕೇಳಿಸಿದರೆ ಮೊದಲು ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಪಡಿ, ಮಲಗುವ ಕೋಣೆಯಲ್ಲಿ ಹೆಚ್ಚಾಗಿ ಅದೇ ಇರುತ್ತದೆ. ಡಿಸ್ಕ್ ಕೆಳಗೆ ರಬ್ಬರ್ ವಾಷರ್ ಹಾಕಿ ನೋಡಿ. ಆಮೇಲೂ ಫ್ಯಾನ್ ಸದ್ದೇ ಅಂತ ಖಚಿತ ಆದರೆ ಆಗ ಎನ್‌ಎಚ್-ಎಲ್9ಐ-17ಎಕ್ಸ್‌ಎಕ್ಸ್ ತಗೊಳ್ಳಿ, ನಿಮ್ಮ ಸಾಕೆಟ್‌ಗೆ ಬರುವುದು ಅದು.